ಮೊದಲು ನಾಮಕರಣ, ಆಮೇಲೆ ಸೇತುವೆ

ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ಒಂದು ಚಿಕ್ಕ ಸ್ಟೇಷನ್. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಮರಳುವ ಸೀಸನ್ ಟಿಕೆಟ್ಟಿನ ಜನರದೇ ಅದು. ಅದರ ಚರಿತ್ರೆಯನ್ನು ಓದಿದರೆ ನಮ್ಮನ್ನಾಳುವವರ ಬುದ್ಧಿಯ ಚರಿತ್ರೆಯನ್ನೇ ಓದಿದಂತಾಗುತ್ತದೆ.

1853ರಿಂದ 1860ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ನನ ಹೆಸರು ಅದಕ್ಕೆ ಬಂದಿತು. ಹೆಸರು ಗವರ್ನರನದು, ಸುತ್ತಲಿನ ಪರೇಲ್, ಲಾಲ್‌ಬಾಗಿನ ಹತ್ತಿ ಗಿರಣಿಗಳಲ್ಲಿ ಸುರಿದ ಬೆವರು ಕಾರ್ಮಿಕರದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಗಿರಣಿಯ ನೆಲ ಮಾಲೀಕರಿಗೆ ಚಿನ್ನವಾಯಿತು. ಚಿಮಣಿಗಳಿದ್ದೆಡೆ ಗಾಜಿನ ಕಚೇರಿಗಳೆದ್ದವು. ಅವಕ್ಕೆ ಪರವಾನಗಿ ಕೊಟ್ಟವರು, ಅಲ್ಲಿ ದುಡಿಯುವ ಗುಮಾಸ್ತರೂ ಜವಾನರೂ ಕಸಗುಡಿಸುವವರೂ ಯಾವ ಮೆಟ್ಟಿಲಿಳಿದು ಬರಬೇಕೆಂದು ಯೋಚಿಸಲಿಲ್ಲ. ಈ ಸ್ಟೇಷನ್ನಿಗೂ ಪಕ್ಕದ ಪರೇಲ್ ಸ್ಟೇಷನ್ನಿಗೂ ನಡುವಿನ ಇಕ್ಕಟ್ಟಾದ ಕಾಲುಸೇತುವೆಯೇ ಅವರಿಗೆ ಗತಿಯಾಯಿತು.

ಹೊಸ ಸೇತುವೆ ಬೇಕೆಂದು ಜನ ಕೂಗಿದರು. ಮಂಜೂರಾತಿ ಕಾಗದದಲ್ಲೇ ಉಳಿಯಿತು. ಆದರೆ 2016ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಶಾಸಕರು ಸ್ಟೇಷನ್ನಿಗೆ ಪ್ರಭಾದೇವಿಯ ಹೆಸರಿಡಲು ನಿರ್ಣಯಿಸಿದರು. 2017ರ ಸೆಪ್ಟೆಂಬರ್ 14ರಂದು ಅಹಮದಾಬಾದಿನಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಮೀರಿದ ಬುಲೆಟ್ ರೈಲಿಗೆ ಅಡಿಗಲ್ಲು ಬಿತ್ತು. ಸರಿಯಾಗಿ ಹದಿನೈದನೆಯ ದಿನ, ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಗೆ ಆ ಸೇತುವೆಯ ಮೇಲೆ ಒತ್ತೊತ್ತಾಗಿ ನಿಂತ ಜನ ಕಾಲ್ತುಳಿತಕ್ಕೆ ಸಿಕ್ಕಿದರು. 23 ಮಂದಿ ಸತ್ತರು. ರೈಲ್ವೆಯ ತನಿಖೆ ಮಳೆಯತ್ತ ಬೆರಳು ತೋರಿತು. ಮುಂಬಯಿಯಲ್ಲಿ ಮಳೆ ಅಂದೇ ಮೊದಲು ಬಿದ್ದಿತೇ?

ಆಮೇಲೆ ಸೈನ್ಯವನ್ನು ಕರೆದರು. 2018ರ ಫೆಬ್ರವರಿಯೊಳಗೆ ಹೊಸ ಸೇತುವೆ ಸಿದ್ಧವಾಯಿತು! ನಾಲ್ಕೈದು ತಿಂಗಳಲ್ಲಿ ಆಗುವ ಕೆಲಸಕ್ಕೆ 23 ಹೆಣಗಳ ಮುಂಗಡ ಏಕೆ ಬೇಕಾಯಿತು? ಅದೇ ವರ್ಷದ ಜುಲೈಯಲ್ಲಿ ಹೊಸ ಹೆಸರೂ ಬಂದಿತು.

ಪರಂಗಿ ಗವರ್ನರನ ಹೆಸರು ಹೋದದ್ದಕ್ಕೆ ನಮಗೆ ಕಿಂಚಿತ್ತೂ ದುಃಖವಿಲ್ಲ. ಹೆಸರಿನ ಹಲಗೆ ಅಗ್ಗದ ಸ್ವಾಭಿಮಾನ, ಮೆಟ್ಟಿಲಿಗೆ ಮಾತ್ರ ಹಣ ಬೇಕು ಎಂಬುದೇ ನಮ್ಮ ಆಕ್ಷೇಪ. ಬುಲೆಟ್ ರೈಲಿನ ಹಣ ಬಹುಪಾಲು ಜಪಾನಿನ ಸಾಲ, ಅದು ಸೇತುವೆಗೆ ಬಾರದು ಎನ್ನುವವರಿದ್ದಾರೆ. ಆ ಸಾಲ ತೀರಿಸುವವರು ಯಾರು? ಈ ಸೀಸನ್ ಟಿಕೆಟ್ಟಿನವರೂ ಅಲ್ಲವೇ?

ಮುಂಬಯಿಯ ಮಾತು ನಮಗೇಕೆ ಎನ್ನಬೇಡಿ. ಮಂಗಳೂರು, ಉಡುಪಿಗಳ ಸಾವಿರಾರು ಮಕ್ಕಳು ಆ ನಗರದ ಹೋಟೆಲುಗಳಲ್ಲಿ ದುಡಿದರು, ದುಡಿಯುತ್ತಿದ್ದಾರೆ. 1974ರ ರೈಲ್ವೆ ಮುಷ್ಕರದ ಮುಂದಾಳು ಜಾರ್ಜ್ ಫರ್ನಾಂಡಿಸರೂ ಮಂಗಳೂರಿನಿಂದಲೇ ಅಲ್ಲಿಗೆ ಹೋದವರು.

ನಮ್ಮ ಒತ್ತಾಯ ಇಷ್ಟೇ: ಸ್ಟೇಷನ್ನಿನ ಬಳಿ ಮಹಡಿ ಕಟ್ಟಲು ಪರವಾನಗಿ ಕೊಡುವ ಮೊದಲು ಅಲ್ಲಿನ ಮೆಟ್ಟಿಲು ಅಗಲಿಸಿರಿ. ಶರವೇಗದ ಗಾಡಿಗೆ ಹಣ ಹೊಂದಿಸುವ ಮೊದಲು ನಿತ್ಯದ ಗಾಡಿಯವನು ಜೀವಸಹಿತ ಮನೆ ಸೇರುವಂತೆ ಮಾಡಿರಿ. ಹೆಣ ಬಿದ್ದ ಮೇಲೆ ಬರುವ ಸೇತುವೆಗೆ ನಾವು ಜಯಕಾರ ಹಾಕುವುದಿಲ್ಲ.