ಹುಲ್ಲಿನಿಂದ ಹಾಲಿನ ಸಕ್ಕರೆಗೆ

ಕೊಬ್ಬಿನ ಆಮ್ಲಗಳಿಂದ ಪ್ರಾಣಿದೇಹವು ಗ್ಲೂಕೋಸನ್ನು ತಯಾರಿಸಲಾರದೆಂದು ವಿದ್ಯಾರ್ಥಿಗಳನೇಕರು ಕಂಠಪಾಠ ಮಾಡಿರುತ್ತಾರೆ. ಹನೂರು ತಾಲ್ಲೂಕಿನ ರಾಮಾಪುರದಲ್ಲಿ ರಾಗಿಹುಲ್ಲನ್ನು ಮೆಲುಕುಹಾಕುತ್ತ ಮಲಗಿರುವ ಹಸುವು ಈ ಪಾಠವನ್ನು ಒಪ್ಪದು!

ಹಸುವಿನ ಜಠರದ ಮೊದಲ ಕೋಣೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ಸೆಲ್ಯುಲೋಸನ್ನು ಹುದುಗೆಬ್ಬಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಕಿರಿಯ ಕೊಬ್ಬಿನ ಆಮ್ಲಗಳನ್ನಾಗಿ ಮಾಡುತ್ತವೆ. ಕರುಳಿನಿಂದ ರಕ್ತಕ್ಕೆ ಸೇರುವ ಗ್ಲೂಕೋಸು ಅತ್ಯಲ್ಪ. ಹಾಗಾದರೆ ಹಾಲಿನ ಲ್ಯಾಕ್ಟೋಸಿಗೆ ಬೇಕಾದ ಗ್ಲೂಕೋಸು ಬಂದುದೆಲ್ಲಿಂದ? ಬಹುಪಾಲು, 3 ಇಂಗಾಲ ಪರಮಾಣುಗಳುಳ್ಳ ಪ್ರೊಪಿಯಾನಿಕ್ ಆಮ್ಲದಿಂದ. ಯಕೃತ್ತಿನಲ್ಲಿ ಅದಕ್ಕೆ ಇನ್ನೊಂದು ಇಂಗಾಲ ಕೂಡಿ, 4 ಇಂಗಾಲಗಳ ಸಂಯುಕ್ತವಾಗಿ, ಬಳಿಕ ಹಲವು ಹಂತಗಳಲ್ಲಿ ಗ್ಲೂಕೋಸು ಹುಟ್ಟುತ್ತದೆ. ಈ ಕ್ರಿಯೆಗೆ ಬಿ12 ಜೀವಸತ್ವ ಬೇಕು. ಅದರೊಳಗೆ ಕೋಬಾಲ್ಟ್ ಉಂಟು. ಮೇವಿನಲ್ಲಿ ಆ ಲೋಹ ತೀರ ಕಡಿಮೆಯಾದರೆ ಹಸು ಸೊರಗುತ್ತದೆ. ರೈತನಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ.

ಬೆಸಸಂಖ್ಯೆಯ ಇಂಗಾಲಗಳುಳ್ಳ ಉದ್ದನೆಯ ಆಮ್ಲಗಳೂ ಒಡೆದಾಗ ಕೊನೆಗೆ ಇದೇ 3 ಇಂಗಾಲಗಳ ತುಣುಕನ್ನು ಉಳಿಸುತ್ತವೆ; ನಮ್ಮ ದೇಹದಲ್ಲಿಯೂ ಹಾಗೆಯೇ. ಸಮಸಂಖ್ಯೆಯವು 2 ಇಂಗಾಲಗಳ ತುಣುಕುಗಳಾಗಿ ಮುಗಿದುಹೋಗುವುದರಿಂದ ಲೆಕ್ಕಕ್ಕೆ ಬರುವಷ್ಟು ಗ್ಲೂಕೋಸನ್ನು ಕೊಡಲಾರವು. ನಮ್ಮ ಆಹಾರದಲ್ಲಿ ಇವೇ ಹೆಚ್ಚು. ಪಾಠದ ಮಾತು ನಿಜವೆನಿಸುವುದು ಅದರಿಂದಲೇ. ಆದರೆ ಬೆಳಿಗ್ಗೆ ಹಸುವಿಗೆ ಮೇವು ಹಾಕಿ ಶಾಲೆಗೆ ಬರುವ ಹುಡುಗಿಗೆ ಅರ್ಧಸತ್ಯವನ್ನು ಕಲಿಸುವುದು ನ್ಯಾಯವೇ? ‘ಸಮಸಂಖ್ಯೆಯ’ ಎಂಬ ಒಂದೇ ಪದವನ್ನು ಸೇರಿಸಲು ನಾವೇಕೆ ಜಿಪುಣರಾಗಬೇಕು?