ನಾಳೆ ಛದ್ಮವೇಷ: ತಾಯ್ತಂದೆಯರಲ್ಲಿ ಒಂದು ಬಿನ್ನಹ

ಸಂಜೆ ಶಾಲೆಯಿಂದ ಬಂದ ಮಗು, ಚೀಲವನ್ನು ಹೆಗಲಿನಿಂದ ಇಳಿಸುವುದಕ್ಕೆ ಮೊದಲೇ, ‘ಅಮ್ಮಾ, ನಾಳೆ ಛದ್ಮವೇಷ ಸ್ಪರ್ಧೆಯಂತೆ’ ಎಂದು ಡೈರಿಯನ್ನು ಮುಂದೊಡ್ಡಿದಾಗ, ಒಲೆಯ ಮುಂದೆ ನಿಂತ ತಾಯಿಯ ಮುಖದಲ್ಲಿ ಮೂಡುವ ಕಳವಳವನ್ನು ಬಲ್ಲವರಿಗಾಗಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ. ಅಂಗಡಿಗಳು ಬಾಗಿಲು ಹಾಕುವ ಹೊತ್ತು. ಮಗುವಿನ ತಂದೆ ಇನ್ನೂ ಕೆಲಸದಿಂದ ಹಿಂದಿರುಗಿಲ್ಲ. ವೇಷಭೂಷಣದ ಅಂಗಡಿಯವನೋ ಬಾಡಿಗೆಯ ಜೊತೆಗೆ ಮುಂಗಡವನ್ನೂ ಕೇಳುವವನು. ಇಷ್ಟು ಸಂಕಟವನ್ನು ನಾವು ತಂದುಕೊಳ್ಳಬೇಕಾದುದಿಲ್ಲವೆಂದೂ, ಒಂದು ರಾತ್ರಿಯ ಅವಧಿಯಲ್ಲಿ ಮನೆಯಲ್ಲಿರುವ ಸಾಮಾನುಗಳಿಂದಲೇ, ಬಾಡಿಗೆಯ ವೇಷಕ್ಕಿಂತ ಸತ್ಯವಾದ ವೇಷವೊಂದನ್ನು ಕಟ್ಟಿಕೊಡಬಹುದೆಂದೂ ನನ್ನ ದೃಢವಾದ ನಂಬಿಕೆ.

ಸತ್ಯವಾದ ವೇಷವೆಂಬ ಮಾತನ್ನು ತೂಗಿಯೇ ಆಡಿದ್ದೇನೆ. ಕಳೆದ ವರ್ಷ ನಮ್ಮ ಬೀದಿಯ ಬಾಲಿಕೆಯೊಬ್ಬಳು ಒನಕೆ ಓಬವ್ವನಾಗಬೇಕೆಂದು ಹಟ ಹಿಡಿದಳು. ಅವಸರದಲ್ಲಿ ಅಂಗಡಿಯಿಂದ ತಂದ ಗಂಟನ್ನು ಬಿಚ್ಚಿ ನೋಡಿದರೆ, ಜರಿಯಂಚಿನ ಹೊಳೆಯುವ ಸೀರೆ, ಎದೆಯ ತುಂಬ ಹಾರ, ತಲೆಗೊಂದು ಕಿರೀಟ! ಕಿತ್ತೂರು ಚೆನ್ನಮ್ಮನಿಗೆಂದು ಹೊಲಿಸಿದ್ದ ಉಡುಪಿನಲ್ಲಿ ಖಡ್ಗವನ್ನು ತೆಗೆದು ಒನಕೆಯನ್ನು ಇಟ್ಟುಬಿಟ್ಟಿದ್ದರು. ಆದರೆ ಓಬವ್ವ ರಾಣಿಯಲ್ಲ. ಚಿತ್ರದುರ್ಗದ ಕೋಟೆಯ ಕಾವಲುಗಾರನೊಬ್ಬನ ಹೆಂಡತಿ. ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದವಳು, ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿರುವುದನ್ನು ಕಂಡು, ಗಂಡನ ಊಟಕ್ಕೆ ಭಂಗ ತಾರದೆ, ಭತ್ತ ಕುಟ್ಟುವ ಒನಕೆಯನ್ನೇ ಎತ್ತಿಕೊಂಡು ನಿಂತಳೆಂದು ದುರ್ಗದ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಅವಳ ಮಹತ್ತ್ವವೆಲ್ಲ ಇರುವುದು ಆ ಅಡುಗೆಮನೆಯ ಒನಕೆಯಲ್ಲಿ. ಅಂಥವಳಿಗೆ ಕಿರೀಟವಿಟ್ಟರೆ ಅವಳು ಓಬವ್ವನಾಗಿ ಉಳಿಯುವುದಾದರೂ ಹೇಗೆ? ಪಾಪ, ಆ ಕಿರೀಟ ಜಾರಿ ಜಾರಿ ಕಣ್ಣಿನ ಮೇಲೆ ಬೀಳುತ್ತಿದ್ದುದರಿಂದ ಮಗು ಕಲಿತ ಮಾತನ್ನೂ ಮರೆತು ವೇದಿಕೆಯ ಮೇಲೆ ಅತ್ತುಬಿಟ್ಟಿತು.

ಈ ವರ್ಷ ಅದೇ ಬಾಲಿಕೆ ಅದೇ ಪಾತ್ರವನ್ನು ಕೇಳಿದಳು. ರಾತ್ರಿ ಎಂಟರ ಹೊತ್ತಿಗೆ ನಾವು ನಾಲ್ವರು ಅವರ ನಡುಮನೆಯಲ್ಲಿ ಕುಳಿತೆವು. ಅಜ್ಜಿಯ ಹಳೆಯ ಇಳಕಲ್ ಸೀರೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಸೊಂಟಕ್ಕೆ ಒಂದು ಲಾಡಿ ಕಟ್ಟಿ, ನೆರಿಗೆಯನ್ನು ಆ ಲಾಡಿಗೆ ಸಿಕ್ಕಿಸಿ ಕಚ್ಚೆ ಹಾಕಿ ನೋಡಿದ್ದಾಯಿತು. ಓಡಿದರೂ ಕುಣಿದರೂ ಜಾರಲಿಲ್ಲ. ಇನ್ನು ಒನಕೆ. ನಿಜವಾದ ಒನಕೆಯ ಭಾರವನ್ನು ಏಳು ವರ್ಷದ ಕೈ ತಾಳಲಾರದು. ಒಂದು ಬಿದಿರುಕೋಲಿಗೆ ಹಳೆಯ ವೃತ್ತಪತ್ರಿಕೆಗಳನ್ನು ಬಿಗಿಯಾಗಿ ಸುತ್ತುತ್ತ, ಕೈ ಹಿಡಿಯುವ ನಡುಭಾಗದಲ್ಲಿ ಎರಡೇ ಸುತ್ತು, ಎರಡು ತುದಿಗಳಲ್ಲಿ ದಪ್ಪವಾಗುವಷ್ಟು ಹೆಚ್ಚು ಸುತ್ತು ಹಾಕಿ, ದಾರದಿಂದ ಬಿಗಿದು, ಮೇಲೆ ಪುಸ್ತಕಗಳಿಗೆ ರಟ್ಟು ಹಾಕುವ ಕಂದು ಕಾಗದವನ್ನು ಅಂಟಿಸಿದೆವು. ತುದಿಯ ಕಬ್ಬಿಣದ ಬಳೆಗೆ ಒಂದು ಕಪ್ಪು ಕಾಗದದ ಪಟ್ಟಿ. ಅಂಟು ಎಂದರೆ ಮೈದಾಹಿಟ್ಟನ್ನು ನೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿದ ಗಂಜಿ; ಫ್ಯಾನಿನ ಕೆಳಗಿಟ್ಟರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಕಾಗದ ಸುತ್ತಿದ್ದೆಲ್ಲ ಮಗುವೇ. ಸುತ್ತುತ್ತ ಸುತ್ತುತ್ತ, ‘ಓಬವ್ವ ಇದರಿಂದ ಏನು ಕುಟ್ಟುತ್ತಿದ್ದಳು?’ ಎಂದು ಕೇಳಿದಾಗ, ಎಳವೆಯಲ್ಲಿ ತಾನೂ ಭತ್ತ ಕುಟ್ಟಿದ್ದ ಅಜ್ಜಿ ಎದ್ದು ನಿಂತು, ಒನಕೆಯನ್ನು ಒಂದು ಕೈಯಿಂದ ಮತ್ತೊಂದು ಕೈಗೆ ಬದಲಿಸುತ್ತ ಎತ್ತಿ ಹಾಕುವ ಬಗೆಯನ್ನು ತೋರಿಸಿಕೊಟ್ಟರು. ಮರುದಿನ ಆ ಮಗು ವೇದಿಕೆಯ ಮೇಲೆ ಮೊದಲು ಭತ್ತ ಕುಟ್ಟಿತು. ಆಮೇಲೆ ತಲೆಯೆತ್ತಿ ಕಿಂಡಿಯ ಕಡೆಗೆ ನೋಡಿತು. ಸಭೆ ನಿಶ್ಶಬ್ದವಾಯಿತು. ಬಾಡಿಗೆಯ ಯಾವ ಗಂಟಿನಲ್ಲಿ ಈ ವಿದ್ಯೆ ಕಟ್ಟಿಬರುತ್ತದೆ?

ನಮ್ಮ ನಾಡಿನ ಪೂಜ್ಯರಲ್ಲಿ ಬಹುಮಂದಿ ಮಿತವಾಗಿ ಉಟ್ಟು ತೊಟ್ಟವರೆಂಬುದು ಈ ವಿಷಯದಲ್ಲಿ ನಮಗೆ ದೊಡ್ಡ ಅನುಕೂಲ. ಕನಕದಾಸರಿಗೆ ಒಂದು ಕಂಬಳಿ; ತಂಬೂರಿಗೆ ತೆಂಗಿನ ಕರಟ, ಒಂದು ಕೋಲು, ಎರಡೆಳೆ ದಾರ. ಹುಲಿಕಲ್ಲಿನಿಂದ ಕುದೂರಿನವರೆಗೆ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಗಂಡನೊಡನೆ ನೀರು ಹೊತ್ತು ಸಾಕಿದ ಸಾಲುಮರದ ತಿಮ್ಮಕ್ಕನಿಗೆ ನೂಲಿನ ಸೀರೆ, ಕಂಕುಳಲ್ಲಿ ಒಂದು ಕೊಡ, ಕೈಯಲ್ಲಿ ಡಬ್ಬಿಯಲ್ಲಿ ಬೆಳೆದ ಯಾವುದಾದರೂ ಸಸಿ ಸಾಕು. ವಿಶ್ವೇಶ್ವರಯ್ಯನವರ ಪೇಟ ಮಾತ್ರ ಸ್ವಲ್ಪ ಕೈಚಳಕವನ್ನು ಬೇಡುತ್ತದೆ: ಜರಿಯಂಚಿನ ಬಿಳಿಯ ಶಲ್ಯವನ್ನು ನಾಲ್ಕು ಬೆರಳಗಲಕ್ಕೆ ಮಡಿಸಿ, ಮಗುವಿನ ತಲೆಯಷ್ಟೇ ಸುತ್ತಳತೆಯ ಪಾತ್ರೆಯೊಂದನ್ನು ಕವುಚಿಹಾಕಿ ಅದರ ಮೇಲೆ ಓರೆಯಾಗಿ ಸುತ್ತಿ, ಜರಿ ಹೊರಗೆ ಕಾಣುವಂತೆ ಅಲ್ಲಲ್ಲಿ ನಾಲ್ಕು ಹೊಲಿಗೆ ಹಾಕಿ ತೆಗೆದರೆ ಟೋಪಿಯಂತೆ ನಿಲ್ಲುತ್ತದೆ. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನಕ್ಕೆ ಒಮ್ಮೆ ಮಾಡಿಟ್ಟ ಪೇಟ ಹತ್ತು ಮಕ್ಕಳ ತಲೆಗೆ ಬರುತ್ತದೆ. ಕರಾವಳಿ ಮಲೆನಾಡುಗಳವರಿಗೆ ಅಡಿಕೆಯ ಹಾಳೆಯೊಂದಿದ್ದರೆ ಗುರಾಣಿ, ಕಿರೀಟ, ಭುಜಕೀರ್ತಿಗಳೆಲ್ಲ ಅದರಲ್ಲಿಯೇ ಅಡಗಿವೆ. ನೀರಿನಲ್ಲಿ ನೆನೆಸಿದರೆ ಹಾಳೆ ಹೇಳಿದ ಹಾಗೆ ಬಾಗುತ್ತದೆ.

ಮುಖಕ್ಕೆ ಬಣ್ಣ ಹಚ್ಚುವವರಲ್ಲಿ ಒಂದು ವಿಶೇಷ ಪ್ರಾರ್ಥನೆ. ಮೊದಲು ತೆಳುವಾಗಿ ಕೊಬ್ಬರಿ ಎಣ್ಣೆಯನ್ನು ಸವರಿ, ಮೀಸೆಗೆ ಮನೆಯ ಕಾಡಿಗೆಯನ್ನಷ್ಟೇ ಬಳಸಿರಿ. ಗೋಡೆಗೋ ಕಾಗದಕ್ಕೋ ಬಳಿಯುವ ಬಣ್ಣವನ್ನು, ಮಿನುಗುಪುಡಿಯನ್ನು ಎಳೆಯ ಚರ್ಮದ ಬಳಿಗೆ ತರಬೇಡಿರಿ. ಮಗು ನಡುವೆ ಶೌಚಕ್ಕೆ ಹೋಗಬೇಕಾದೀತೆಂಬುದನ್ನು ನೆನಪಿನಲ್ಲಿಟ್ಟುಕೊಂಡು ವೇಷವನ್ನು ಕಟ್ಟಿರಿ.

ಉಪಾಧ್ಯಾಯರಲ್ಲಿಯೂ ನನ್ನ ಬಿನ್ನಹವುಂಟು. ದಯಮಾಡಿ ಒಂದು ವಾರದ ಮುಂಚೆ ತಿಳಿಸಿರಿ. ಮನೆಯಲ್ಲಿ ಮಾಡಿದ ವೇಷಕ್ಕೇ ಪ್ರವೇಶವೆಂದು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ತೀರ್ಪು ಕೊಡುವಾಗ, ತಾನು ಧರಿಸಿದ ವೇಷ ಯಾರದು, ಆತನೋ ಆಕೆಯೋ ಮಾಡಿದ್ದೇನು ಎಂಬುದನ್ನು ಮಗು ಎಷ್ಟು ತಿಳಿದು ಹೇಳಿತೆಂಬುದನ್ನು ನೋಡಿರಿ. ಛದ್ಮವೇಷದ ದಿನ ಹೊಟ್ಟೆನೋವೆಂದು ಶಾಲೆಗೆ ಬಾರದೆ ಉಳಿಯುವ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ. ದಿನಗೂಲಿಯ ತಾಯಿಗೆ ಬಾಡಿಗೆಯ ಹಣವೆಂದರೆ ಒಂದು ದಿನದ ಸಂಪಾದನೆ; ಅದನ್ನು ಬಲ್ಲ ಮಗು ಮನೆಯಲ್ಲಿ ಸೂಚನೆಯನ್ನೇ ತೋರಿಸದೆ ಬಚ್ಚಿಟ್ಟುಕೊಳ್ಳುತ್ತದೆ. ಈ ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸಿಗೆ ನೋವಾಗುತ್ತದೆ.

ಆದುದರಿಂದ ಕೊನೆಯದಾಗಿ ಎಲ್ಲರಲ್ಲಿಯೂ ಕೇಳಿಕೊಳ್ಳುವುದಿಷ್ಟು. ನಿಮ್ಮ ಊರಿನ ಶಾಲೆಯ ಮೂಲೆಯಲ್ಲಿ ಒಂದು ವೇಷದ ಪೆಟ್ಟಿಗೆ ಇರಲಿ. ಅಂಚು ಹರಿದ ಶಲ್ಯ, ಉಡದೆ ಬಿಟ್ಟ ಪಂಚೆ ಸೀರೆಗಳು, ಗಾಜು ಕಳೆದುಕೊಂಡ ದುಂಡು ಕನ್ನಡಕದ ಚೌಕಟ್ಟು, ಅಜ್ಜನ ಊರುಗೋಲು, ಹಳೆಯ ಕಂಬಳಿ, ಇವನ್ನೆಲ್ಲ ಒಗೆದು, ಮಡಿಸಿ, ಆ ಪೆಟ್ಟಿಗೆಗೆ ಕೊಡಿರಿ. ನವೆಂಬರ್ ತಿಂಗಳ ರಾಜ್ಯೋತ್ಸವ, ಮಕ್ಕಳ ದಿನಾಚರಣೆಗಳಿಗೆ ಮುಂಚೆಯೇ ಕೊಟ್ಟರೆ, ಸೂಚನೆಯನ್ನು ಬಚ್ಚಿಟ್ಟುಕೊಂಡ ಮಗುವಿಗೂ ಅಂದು ಒಂದು ವೇಷ ದೊರೆಯುತ್ತದೆ.