ಫೋಟೊ ಬೇಡ, ಎರಡು ಸಾಲು ಟೈಪ್ ಮಾಡಿ

ಕಡೂರು ತಾಲ್ಲೂಕಿನ ದೇವನೂರಿನಂಥ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಬೆಳಗಿನ ಹೊತ್ತಿಗೆ ಏನೆಲ್ಲ ಬಂದು ಬೀಳಬಹುದು? ಗುಲಾಬಿ ಚಿತ್ರದ ಮೇಲೆ ಬರೆದ ಶುಭೋದಯ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯ ಫೋಟೊ. ನಾಳೆ ಕರೆಂಟ್ ಇರುವುದಿಲ್ಲವೆಂಬ ಪ್ರಕಟಣೆಯ ಸ್ಕ್ಯಾನ್ ಪ್ರತಿ. ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ಫೋಟೊ. ಊರಿನ ಹಿರಿಯರೊಬ್ಬರು ತೀರಿಕೊಂಡ ಸುದ್ದಿ, ಅದೂ ಭಾವಚಿತ್ರದ ಕೆಳಗೆ ಅಚ್ಚು ಹಾಕಿಸಿದ್ದು. ಆಮೇಲೆ ಸಾಲುಗಟ್ಟಿದ ಕೈಮುಗಿದ ಇಮೋಜಿಗಳು.

ಇದೇ ಗುಂಪಿನಲ್ಲಿ ಕಣ್ಣು ಕಾಣದ ತೆಂಗಿನ ಬೆಳೆಗಾರರೊಬ್ಬರು ಇದ್ದಾರೆ ಅಂದುಕೊಳ್ಳಿ. ಅವರ ಫೋನು ಇಷ್ಟನ್ನೂ ಓದಿ ಹೇಳುವುದು ಹೀಗೆ: ಫೋಟೊ, ಫೋಟೊ, ಡಾಕ್ಯುಮೆಂಟ್, ಫೋಟೊ, ಫೋಟೊ, ಫೋಲ್ಡೆಡ್ ಹ್ಯಾಂಡ್ಸ್, ಫೋಲ್ಡೆಡ್ ಹ್ಯಾಂಡ್ಸ್, ಫೋಲ್ಡೆಡ್ ಹ್ಯಾಂಡ್ಸ್. ಕೊಬ್ಬರಿ ಬೆಲೆ ಏರಿತೋ ಇಳಿಯಿತೋ ತಿಳಿಯಲಿಲ್ಲ. ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ, ಮೋಟಾರ್ ಯಾವಾಗ ಹಾಕಬೇಕು ಎಂಬುದೂ ಗೊತ್ತಾಗಲಿಲ್ಲ. ಯಾರೋ ಹೋಗಿಬಿಟ್ಟಿರಬೇಕು ಎಂದು ಕೈಮುಗಿದ ಇಮೋಜಿಗಳಿಂದ ಊಹಿಸಬೇಕು. ಯಾರು ಎಂದು ತಿಳಿಯಬೇಕಾದರೆ ಇನ್ನೊಬ್ಬರನ್ನು ಕೇಳಬೇಕು.

ಆ ಫೋನಿಗೆ ಓದು ಬರುತ್ತದೆ, ಕನ್ನಡವೂ ಬರುತ್ತದೆ. ಅದಕ್ಕೆ ಓದಲು ಅಕ್ಷರ ಕೊಡದೇ ಇರುವವರು ನಾವು.

ಪರದೆಯ ಮೇಲಿರುವುದನ್ನು ದನಿಯಲ್ಲಿ ಹೇಳುವ ಈ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಅದರ ಹೆಸರು ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಅದಕ್ಕೆಂದು ಬೇರೆ ಫೋನು ಕೊಳ್ಳಬೇಕಾಗಿಲ್ಲ, ದುಡ್ಡೂ ಕೊಡಬೇಕಾಗಿಲ್ಲ. ನಿಮ್ಮ ಜೇಬಿನಲ್ಲಿರುವ ಫೋನಿನಲ್ಲೇ, ಸೆಟ್ಟಿಂಗ್ಸ್ ಒಳಗಿನ ಆ್ಯಕ್ಸೆಸಿಬಿಲಿಟಿ ಎಂಬಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಒಮ್ಮೆ ಆನ್ ಮಾಡಿ ನೋಡಿ. ಫೋನಿನ ನಡವಳಿಕೆಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಏನೂ ತೆರೆಯುವುದಿಲ್ಲ, ಬೆರಳ ಕೆಳಗೆ ಏನಿದೆ ಎಂದಷ್ಟೇ ಹೇಳುತ್ತದೆ. ಬೇಕಾದದ್ದು ಅದೇ ಆದರೆ ಎರಡು ಸಲ ಬಡಿಯಬೇಕು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಟಾಕ್‌ಬ್ಯಾಕ್‌ನಲ್ಲಿ ಪುಟವನ್ನು ಮೇಲೆ ಕೆಳಗೆ ಜರುಗಿಸಲು ಎರಡು ಬೆರಳು ಬೇಕು. ಗೊತ್ತಿಲ್ಲದೆ ಆನ್ ಮಾಡಿದವರು ಫೋನು ಕೆಟ್ಟಿತೆಂದು ಗಾಬರಿಯಾಗಿ ಅಂಗಡಿಗೆ ಓಡುವುದೂ ಉಂಟು. ಕಣ್ಣಿಲ್ಲದವರ ಪಾಲಿಗೆ ಮಾತ್ರ ಆಗಲೇ ಫೋನು ಸರಿಹೋಗುವುದು.

ವಾಟ್ಸ್‌ಆ್ಯಪ್‌ನಲ್ಲಿ ಇದು ಹೇಗೆ ನಡೆಯುತ್ತದೆ? ಪ್ರತಿ ಸಂದೇಶವನ್ನೂ ಕಳಿಸಿದವರ ಹೆಸರು, ಒಕ್ಕಣೆ, ಸಮಯ ಸಮೇತ ಓದುತ್ತದೆ. ನಾವು ಕಳಿಸಿದ್ದನ್ನು ಅವರು ಓದಿದರೇ ಎಂಬುದನ್ನೂ ಹೇಳುತ್ತದೆ. ನಮಗೆ ಸಲೀಸಾದದ್ದು ಅಲ್ಲಿ ಸುತ್ತುದಾರಿಯಾಗುವುದೂ ಇದೆ. ಒಂದು ಸಂದೇಶಕ್ಕೆ ಉತ್ತರಿಸಬೇಕಾದರೆ ನಾವು ಅದನ್ನು ಬಲಕ್ಕೆ ಎಳೆಯುತ್ತೇವೆ. ಟಾಕ್‌ಬ್ಯಾಕ್‌ಗೆ ಆ ಎಳೆತವೆಂದರೆ ಮುಂದಕ್ಕೆ ಹೋಗು ಎಂಬ ಆಜ್ಞೆ. ಆದ್ದರಿಂದ ಸಂದೇಶದ ಮೇಲೆ ಎರಡನೇ ಬಡಿತದಲ್ಲಿ ಬೆರಳೆತ್ತದೆ ಒತ್ತಿ ಹಿಡಿದು, ಮೇಲೆ ಮೂಡುವ ಗುಂಡಿಗಳ ನಡುವೆ ‘ರಿಪ್ಲೈ’ ಹುಡುಕಬೇಕು. ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ, ಬೇಕಾದ ಅಕ್ಷರ ಕೇಳಿದ ಕಡೆ ಬೆರಳೆತ್ತಿದರೆ ಅದು ಮೂಡುತ್ತದೆ. ಗುಣಿತ, ಒತ್ತು ಎಂದು ಕನ್ನಡದ ಒಂದೊಂದು ಅಕ್ಷರಕ್ಕೂ ಎರಡು ಮೂರು ಸಲ ಹುಡುಕಬೇಕು. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡದಲ್ಲೂ ಮಾತನ್ನು ಬರಹವಾಗಿಸುವ ಸೌಲಭ್ಯ ಕೊಟ್ಟ ಮೇಲೆ ಈ ಕಷ್ಟ ಬಹಳ ಕಡಿಮೆಯಾಯಿತು. ಪಳಗಿದವರು ಓದುವ ದನಿಯ ವೇಗವನ್ನು ಎಷ್ಟು ಏರಿಸಿಕೊಂಡಿರುತ್ತಾರೆಂದರೆ ಪಕ್ಕದಲ್ಲಿ ಕೂತವರಿಗೆ ಒಂದು ಪದವೂ ಹಿಡಿಗೆ ಸಿಗದು.

ಈ ಸೌಕರ್ಯ ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಕೀಪ್ಯಾಡ್ ಫೋನುಗಳ ಕಾಲದಲ್ಲಿ 5ರ ಗುಂಡಿಯ ಮೇಲೊಂದು ಉಬ್ಬು ಚುಕ್ಕೆ ಇರುತ್ತಿತ್ತು. ಅದನ್ನು ತಡವಿ ಉಳಿದ ಅಂಕಿಗಳನ್ನು ಹಿಡಿಯಬಹುದಿತ್ತು. ನುಣ್ಣನೆಯ ಗಾಜಿನ ಪರದೆ ಬಂದಾಗ ಕಣ್ಣಿಲ್ಲದವರ ಮುಂದೆ ಬಾಗಿಲು ಮುಚ್ಚಿತೆಂದೇ ಎಲ್ಲರೂ ಎಣಿಸಿದ್ದರು. ಗ್ಲಾಕೋಮಾದಿಂದ 14ನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಮುಂಬೈ ಐಐಟಿಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ 2005ರಲ್ಲಿ ಗೂಗಲ್ ಸೇರಿದ ಟಿ.ವಿ. ರಾಮನ್ ಈ ಗೋಡೆಗೆ ಒಂದು ಕಿಂಡಿ ಕೊರೆದರು. ಪರದೆಯ ಮೇಲೆ ಬೆರಳು ಮೊದಲು ಎಲ್ಲಿ ಬೀಳುತ್ತದೋ ಅದೇ 5 ಎಂದು ಫೋನು ತಿಳಿದುಕೊಳ್ಳಲಿ, ಉಳಿದ ಅಂಕಿಗಳು ಅದರ ಸುತ್ತ ಇರಲಿ ಎಂಬುದು ಅವರ ಉಪಾಯ. ಅವರೂ ಸಹೋದ್ಯೋಗಿ ಚಾರ್ಲ್ಸ್ ಚೆನ್ ಅವರೂ ನಡೆಸಿದ ಕೆಲಸದಿಂದ ಟಾಕ್‌ಬ್ಯಾಕ್ ಹುಟ್ಟಿ, 2009ರಲ್ಲಿ ಆಂಡ್ರಾಯ್ಡ್ ಫೋನಿಗೆ ಬಂತು. ಅದೇ ವರ್ಷ ಐಫೋನಿಗೂ ವಾಯ್ಸ್‌ಓವರ್ ಬಂತು.

ಅಲ್ಲಿಂದ ಇಲ್ಲಿಗೆ ಬರುವಾಗ ಕನ್ನಡಕ್ಕೆಂದೇ ಇರುವ ಮೂರು ಎಡವುಗಲ್ಲುಗಳು ಸಿಗುತ್ತವೆ.

ಮೊದಲನೆಯದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡ. ಊಟ ಆಯ್ತಾ, ಯಾವಾಗ ಬರ್ತೀರಾ ಎಂಬುದನ್ನು ಎ, ಬಿ, ಸಿ, ಡಿಯಲ್ಲಿ ಬರೆದರೆ ಕಣ್ಣಿದ್ದವರು ಹೇಗೋ ಓದಿಕೊಳ್ಳುತ್ತಾರೆ. ಫೋನಿನ ಇಂಗ್ಲಿಷ್ ದನಿ ಅದನ್ನು ಇಂಗ್ಲಿಷ್ ಪದವೆಂದೇ ನಂಬಿ ಉಚ್ಚರಿಸುತ್ತದೆ. ‘ಬಂದೆ’ ಎಂದು ಬರೆದದ್ದು ‘ಬ್ಯಾಂಡ್’ ಆಗಿ ಕೇಳಿಸಬಹುದು. ಕನ್ನಡ ಲಿಪಿಯಲ್ಲೇ ಬರೆಯಿರಿ ಎಂದರೆ ಅದು ಭಾಷಾಭಿಮಾನದ ಮಾತು ಎಂದು ನಗುವವರಿದ್ದಾರೆ. ಅಭಿಮಾನ ಹಾಗಿರಲಿ, ಕೇಳಿ ಓದುವವನಿಗೆ ಅದು ಅರ್ಥವಾಗುವ, ಆಗದಿರುವ ಪ್ರಶ್ನೆ.

ಎರಡನೆಯದು ಹಳೆಯ ಫಾಂಟುಗಳು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಸ್ಕ್ರೀನ್ ರೀಡರ್‌ಗೆ ಸಿಗುವುದು ಪಿ, ಎ, ಪೌಂಡ್ ಗುರುತು, ಮತ್ತೆ ಎ, ಕ್ಯೂ ಇತ್ಯಾದಿ. ಯೂನಿಕೋಡ್ ಬಂದು ಮೂರು ದಶಕ ದಾಟಿದರೂ ಕಚೇರಿಗಳಲ್ಲಿ ಹಳೆಯ ಫಾಂಟಿನ ಸುತ್ತೋಲೆಗಳು ಇನ್ನೂ ಓಡಾಡುತ್ತಿವೆ. ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಹಟ ಹಿಡಿದಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಅವರ ಹಟದ ಅರ್ಥ ನಮ್ಮ ಕಚೇರಿಗಳಿಗೆ ಈಗಲೂ ಪೂರ್ತಿ ತಲುಪಿಲ್ಲ.

ಮೂರನೆಯದೇ ಫೋಟೊ. ಇದು ಎಲ್ಲಕ್ಕಿಂತ ದೊಡ್ಡ ಕಲ್ಲು, ನಾವು ದಿನವೂ ತಂದು ಹಾಕುವ ಕಲ್ಲು.

‘ಅದಕ್ಕೇನು, ಮನೆಯಲ್ಲಿ ಮಕ್ಕಳಿರುತ್ತಾರಲ್ಲ, ಓದಿ ಹೇಳುತ್ತಾರೆ’ ಎನ್ನುವವರಿಗೆ ದೇವನೂರಿನ ಕವಿಯನ್ನೇ ನೆನಪಿಸಬೇಕು. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು ಇದೇ ಎಂಬುದು ಕಡೂರು ಸೀಮೆಯ ನಂಬಿಕೆ. ಅವನ ಆರಾಧ್ಯ ದೈವ ಲಕ್ಷ್ಮೀಕಾಂತನ ಗುಡಿ ಅಲ್ಲಿದೆ. 34 ಸಂಧಿಗಳ ಆ ಕಾವ್ಯ ಅಕ್ಷರ ಬಾರದವರ ಮನೆಗಳಿಗೂ ಹೋದದ್ದು ಕಿವಿಯ ದಾರಿಯಿಂದ. ಗಮಕಿಗಳು ಓದಿದರು, ಊರು ಕೂತು ಕೇಳಿತು. ಕಾವ್ಯವನ್ನು ನಾಲ್ಕು ಜನರ ನಡುವೆ ಕೇಳುವುದು ಚೆಂದ. ಕಾಗದ ಹಾಗಲ್ಲ.

ಆ ಕಾವ್ಯದಲ್ಲಿ ಬರುವ ಚಂದ್ರಹಾಸನ ಕಥೆ ನೋಡಿ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಕಾಗದ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂದು ಅದರ ಒಕ್ಕಣೆ. ಒಳಗೇನಿದೆ ಎಂದು ತಿಳಿಯದೆ ಚಂದ್ರಹಾಸ ಅದನ್ನು ಹೊತ್ತು ಬಂದು, ಉದ್ಯಾನದಲ್ಲಿ ನಿದ್ದೆ ಹೋಗುತ್ತಾನೆ. ಮಂತ್ರಿಯ ಮಗಳು ವಿಷಯೆ ಕಾಗದ ತೆಗೆದು ಓದಿ ಒಂದಕ್ಷರ ತಿದ್ದುತ್ತಾಳೆ. ಸಾಯಬೇಕಾದವನಿಗೆ ಮದುವೆಯಾಗುತ್ತದೆ. ಅವನ ಸಾವು ಬದುಕಿನ ಸುದ್ದಿಯನ್ನು ಇನ್ನೊಬ್ಬರು ಓದಿ, ಇನ್ನೊಬ್ಬರು ತೀರ್ಮಾನಿಸಿದರು. ಓದಿದವಳು ಅವನಿಗೆ ಮನಸೋತವಳಾದ್ದರಿಂದ ಆತ ಬದುಕಿಕೊಂಡ. ಎಲ್ಲರಿಗೂ ವಿಷಯೆ ಸಿಗುತ್ತಾಳೆಯೇ?

ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ, ಒಟಿಪಿ ಯಾವುದು, ರಕ್ತಪರೀಕ್ಷೆಯಲ್ಲಿ ಏನು ಬಂತು, ಹೆಂಡತಿ ತವರಿನಿಂದ ಏನು ಬರೆದಳು ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾದ ಪಾಡು ಕಣ್ಣಿಲ್ಲದವರದ್ದಾಗಿತ್ತು. ಇಯರ್‌ಫೋನ್ ಹಾಕಿಕೊಂಡು ತನ್ನ ಕಾಗದವನ್ನು ತಾನೊಬ್ಬನೇ ಓದಿಕೊಳ್ಳುವ ಅವಕಾಶ ಸ್ಕ್ರೀನ್ ರೀಡರ್‌ನಿಂದ ಸಿಕ್ಕಿತು. ನಾವು ಕಳಿಸುವ ಒಂದೊಂದು ಅಕ್ಷರದ ಫೋಟೊವೂ ಅವರನ್ನು ಮತ್ತೆ ಪಕ್ಕದವರ ಬಾಗಿಲಿಗೆ ಅಟ್ಟುತ್ತದೆ. ಇದು ಬೆರಳೆಣಿಕೆಯ ಜನರ ಮಾತೂ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷ, ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಸಕ್ಕರೆ ಕಾಯಿಲೆ, ಪೊರೆ, ವಯಸ್ಸು ಸೇರಿ ಅಕ್ಷರ ಮಂಜಾದ ನಮ್ಮ ಮನೆಯ ಹಿರಿಯರನ್ನೂ ಲೆಕ್ಕಕ್ಕೆ ತಂದುಕೊಳ್ಳಿ. ಅವರಿಗೂ ಈ ದನಿ ಆಸರೆಯಾಗಬಲ್ಲದು.

ಫೋಟೊದಲ್ಲಿರುವುದನ್ನೂ ಯಂತ್ರ ಓದುವ ಕಾಲ ಬಂತಲ್ಲ ಎಂಬ ಮಾತೂ ಇದೆ. ನಿಜ. ಗೂಗಲ್ 2024ರಲ್ಲಿ ಜೆಮಿನಿಯ ನೆರವಿನಿಂದ ಚಿತ್ರವನ್ನು ವರ್ಣಿಸುವ ಅನುಕೂಲವನ್ನು ಟಾಕ್‌ಬ್ಯಾಕ್‌ಗೆ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿ ಜ್ಞಾನಿ’ ಮುದ್ರಿತ ಕನ್ನಡ ಪುಟವನ್ನು ಅಕ್ಷರವಾಗಿಸುತ್ತದೆ. ಕನ್ನಡ ಪುಸ್ತಕಗಳನ್ನು ಬ್ರೈಲ್‌ಗೆ ತರಲು ಅದು ನೆರವಾಗಿದೆ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಹೊಸ ಫೋನಿಲ್ಲದ, ನೆಟ್‌ವರ್ಕ್ ಬಂದು ಹೋಗುವ ತೋಟದ ಮನೆಯಲ್ಲಿ, ಮಡಿಕೆ ಬಿದ್ದ ಕಾಗದದ ಓರೆ ಫೋಟೊದಲ್ಲಿ, ಧಾರಣೆಯ ಒಂದಂಕಿ ತಪ್ಪಿದರೆ ನಷ್ಟ ಯಾರಿಗೆ? ಹತ್ತು ಪದ ಟೈಪ್ ಮಾಡಿ ಮುಗಿಸಬಹುದಾದದ್ದಕ್ಕೆ ಕೃತಕ ಬುದ್ಧಿಮತ್ತೆಯನ್ನು ಕರೆಯುವ ನಮ್ಮ ಬುದ್ಧಿಗೆ ಏನೆನ್ನಬೇಕು?

ಮಾತಾಡಿ ಕಳಿಸಿಬಿಟ್ಟರೆ ಆಯಿತಲ್ಲ ಎನ್ನುವವರೂ ಇದ್ದಾರೆ. ವಾಯ್ಸ್ ಮೆಸೇಜ್ ಒಳ್ಳೆಯದೇ, ಅದು ಆತ್ಮೀಯ ಕೂಡ. ಆದರೆ ಆರು ನಿಮಿಷದ ಮಾತಿನಲ್ಲಿ ಹುದುಗಿದ ದಿನಾಂಕವನ್ನು ಮತ್ತೆ ಹುಡುಕುವುದು ಯಾರಿಗಾದರೂ ಕಷ್ಟ. ಅಂಥ ಮಾತನ್ನು ಬರಹವಾಗಿ ತೋರಿಸುವ ಸೌಲಭ್ಯವನ್ನು ವಾಟ್ಸ್‌ಆ್ಯಪ್ 2024ರ ನವೆಂಬರ್‌ನಲ್ಲಿ ಘೋಷಿಸಿತು. ಆಗಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕಿವಿ ಕೇಳದವರೂ ಗುಂಪಿನಲ್ಲಿರಬಹುದು ಎಂಬುದನ್ನು ಮರೆಯಬಾರದು. ಟೈಪ್ ಮಾಡಿದ ಅಕ್ಷರವೊಂದೇ ಕಣ್ಣಿಗೂ ಕಿವಿಗೂ ಬ್ರೈಲ್‌ಗೂ ಒದಗುವುದು.

ಇದನ್ನು ಔದಾರ್ಯದ ವಿಷಯವೆಂದು ಸರ್ಕಾರಿ ಕಚೇರಿಗಳು ತಿಳಿಯುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಇನ್ನೂ ಮುಂದೆ ಹೋಯಿತು. ಕಣ್ಣು ಮಿಟುಕಿಸಿ ಗುರುತು ದೃಢಪಡಿಸಬೇಕಾದ ಇ-ಕೆವೈಸಿ ಅಂಧರನ್ನೂ ಆ್ಯಸಿಡ್ ದಾಳಿಗೆ ತುತ್ತಾದವರನ್ನೂ ಹೊರಗಿಡುತ್ತದೆ ಎಂಬ ಅರ್ಜಿಗಳ ಮೇಲೆ ತೀರ್ಪು ಕೊಡುತ್ತ, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಸಹಿ, ಸೀಲು ಹಾಕಿದ ಕಾಗದವನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಗುಂಪಿಗೆ ಎಸೆದರೆ ಪ್ರಕಟಣೆ ಮುಗಿಯಿತು ಎನ್ನುವ ಅಧಿಕಾರಿಗಳು ಈ ತೀರ್ಪಿನ ಬೆಳಕಿನಲ್ಲಿ ತಮ್ಮ ರೂಢಿಯನ್ನು ನೋಡಿಕೊಳ್ಳಲಿ.

ಮಾಡಬೇಕಾದ ಕೆಲಸಕ್ಕೆ ಹೊಸ ಯೋಜನೆ ಬೇಡ. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ವಿಕಲಚೇತನರಿಗಾಗಿ ಶೇ 5ರ ನಿಧಿಯಿದೆ, ಅರಿವು ಕೇಂದ್ರಗಳಾಗಿರುವ ಗ್ರಂಥಾಲಯಗಳಿವೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಅರಿವು ಕೇಂದ್ರಗಳಲ್ಲಿ ತಿಂಗಳಿಗೊಂದು ಮಧ್ಯಾಹ್ನ ಟಾಕ್‌ಬ್ಯಾಕ್ ಕಲಿಸಲಿ. ಕಲಿಸುವವರು ಅದನ್ನು ದಿನವೂ ಬಳಸುವ ಅಂಧರೇ ಆದರೆ ಇನ್ನೂ ಒಳ್ಳೆಯದು, ಅವರಿಗೆ ಆ ನಿಧಿಯಿಂದಲೇ ಸಂಭಾವನೆ ಕೊಡಲಿ. ಪಂಚಾಯಿತಿಯ ಪ್ರತಿ ಪ್ರಕಟಣೆಯ ಫೋಟೊ ಜೊತೆಗೆ ಅದರ ಸಾರ ಯೂನಿಕೋಡ್ ಕನ್ನಡದಲ್ಲಿ ಇರಲಿ.

ಉಳಿದದ್ದು ನಮ್ಮ ಕೈಯಲ್ಲಿದೆ. ಫೋಟೊ ಕಳಿಸಲೇಬೇಕಾದರೆ ಕೆಳಗಿನ ಕ್ಯಾಪ್ಷನ್ ಜಾಗದಲ್ಲಿ ಎರಡು ಸಾಲು: ಯಾರು, ಏನು, ಎಲ್ಲಿ, ಯಾವಾಗ. ಇಮೋಜಿ ಒಂದು ಸಾಕು, ಹತ್ತು ಬೇಡ. ಸಾಲು ತುಂಬ ನಕ್ಷತ್ರದ ಅಲಂಕಾರ ಬೇಡ, ಫೋನು ಅದನ್ನೂ ಓದಹೊರಟೀತು. ಸ್ಟಿಕ್ಕರ್‌ನಲ್ಲಿ ಹೇಳುವ ಅಭಿನಂದನೆಯನ್ನು ಅಕ್ಷರದಲ್ಲಿ ಹೇಳಿ. ಗುಂಪಿನ ಅಡ್ಮಿನ್‌ಗಳು ರಾಜಕೀಯ ಬೇಡ, ಜಾಹೀರಾತು ಬೇಡ ಎಂದು ನಿಯಮ ಹಾಕುತ್ತಾರಲ್ಲ, ಅದರ ಕೆಳಗೆ ಇದನ್ನೂ ಸೇರಿಸಲಿ: ಸಾವು, ಮದುವೆ, ಧಾರಣೆ, ಕರೆಂಟು, ಸಭೆ ಇವುಗಳ ಸುದ್ದಿಯನ್ನು ಟೈಪ್ ಮಾಡಿಯೇ ಹಾಕಬೇಕು. ಸಾವಿನ ಸುದ್ದಿಯನ್ನು ಊರಿಗೆಲ್ಲ ತಿಳಿಸುವ ಉದ್ದೇಶದಿಂದ ಗುಂಪಿಗೆ ಹಾಕುವಾಗ, ಆ ಊರಿನ ಲೆಕ್ಕದಲ್ಲಿ ಕಣ್ಣಿಲ್ಲದವರೂ ಇರಬೇಕು.